ನೆಕೊ ವಿಲಿಯಮ್ಸ್ ಲಿವರ್‌ಪೂಲ್ ಬಿಟ್ಟಿದ್ದು ಸೋಲಲ್ಲ

2019ರ ಅಕ್ಟೋಬರ್ 30, ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್. ನಮಗಾಗಲೇ 31ರ ಬೆಳಗಿನ ಜಾವ, ಮೂರಕ್ಕೆ ಇನ್ನೇನು ಐದು ನಿಮಿಷ. ಮನೆಯವರೆಲ್ಲ ಮಲಗಿದ್ದರು. ನಾನು ಸೌಂಡ್ ಬಂದ್ ಮಾಡಿಕೊಂಡು ಫೋನಿನಲ್ಲಿ ಪಂದ್ಯ ನೋಡುತ್ತಿದ್ದೆ. ಲೀಗ್ ಕಪ್, ಎದುರಿಗೆ ಆರ್ಸೆನಲ್. ಸ್ಕೋರು 4-5. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ಸಮಯದ ನಾಲ್ಕನೇ ನಿಮಿಷ ನಡೀತಾ ಇತ್ತು. ಬಲಗಡೆ ಅಂಚಿನಲ್ಲಿ 76ನೇ ನಂಬರಿನ ಜೆರ್ಸಿ ಹಾಕಿದ್ದ ಒಬ್ಬ ತೆಳ್ಳಗಿನ ಹುಡುಗನ ಕಾಲಿಗೆ ಚೆಂಡು ಬಂತು. ತಲೆ ಎತ್ತಿ ಒಮ್ಮೆ ನೋಡಿದ, ಅಂಚಿನಿಂದ ಗೋಲಿನ ಮುಂದಕ್ಕೆ ಕ್ರಾಸ್ ಹಾಕಿದ. ಡಿವೊಕ್ ಒರಿಗಿ ಗಾಳಿಯಲ್ಲೇ ತಿರುಗಿ ಒದ್ದ. 5-5. ಆಮೇಲೆ ಪೆನಾಲ್ಟಿಯಲ್ಲಿ ಲಿವರ್‌ಪೂಲ್ ಗೆದ್ದಿತು.

ಮಾರನೇ ದಿನ ಎಲ್ಲರೂ ಒರಿಗಿ ಬಗ್ಗೆ ಮಾತಾಡಿದರು. ನನಗೆ ಮಾತ್ರ ಆ ಕ್ರಾಸ್ ತಲೆಯಿಂದ ಹೋಗಲೇ ಇಲ್ಲ. ಆ ಹುಡುಗನಿಗೆ ಆಗ 18 ವರ್ಷ. ಹಿರಿಯರ ತಂಡಕ್ಕೆ ಅದೇ ಅವನ ಮೊದಲ ಪಂದ್ಯ. ಹೆಸರು ನೆಕೊ ವಿಲಿಯಮ್ಸ್.

ಮೊನ್ನೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇವನ ಮಾತು ಬಂತು. ಒಬ್ಬ ಗೆಳೆಯ, 'ಪಾಪ, ಲಿವರ್‌ಪೂಲ್‌ನಲ್ಲಿ ನಿಲ್ಲೋಕಾಗಲಿಲ್ಲ ಅವನಿಗೆ' ಅಂತ ಬರೆದ. ಉಳಿದವರೂ ಹೌದು ಹೌದು ಅಂದರು. ನನಗೆ ಬೇಜಾರಾಯಿತು. ಅಲ್ಲೇ ಎರಡು ಸಾಲು ಹಾಕಿ ಸುಮ್ಮನಾಗೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೆಕೊ ಹುಟ್ಟಿದ್ದು 2001ರ ಏಪ್ರಿಲ್ 13ರಂದು. ಊರು ಉತ್ತರ ವೇಲ್ಸ್‌ನ ರೆಕ್ಸಮ್ ಕಡೆಯ ಕೆವ್ನ್ ಮೌರ್. ಆರನೇ ವಯಸ್ಸಿಗೇ ಲಿವರ್‌ಪೂಲ್ ಅಕಾಡೆಮಿ ಸೇರಿದ. ಆರು ವರ್ಷದ ಮಗು ಅಂದರೆ ನಮ್ಮಲ್ಲಿ ಒಂದನೇ ಕ್ಲಾಸು. ಅಲ್ಲಿಂದ ಒಂದೊಂದೇ ವಯಸ್ಸಿನ ತಂಡ ದಾಟಿಕೊಂಡು ಬರಬೇಕು. ಪ್ರತಿ ವರ್ಷ ಒಂದಿಷ್ಟು ಮಕ್ಕಳನ್ನು ಕರೆದು 'ಸಾಕು, ಇನ್ನು ಬೇಡ' ಅಂತ ಕಳಿಸಿಬಿಡುತ್ತಾರೆ. ಆ ಜರಡಿಯಲ್ಲಿ ಉಳಿದುಕೊಂಡವನು ಇವನು. 2019ರಲ್ಲಿ ಎಫ್‌ಎ ಯೂತ್ ಕಪ್ ಗೆದ್ದ ಹುಡುಗರ ತಂಡದಲ್ಲೂ ಇದ್ದ.

ಆದರೆ ಅವನ ಜಾಗದಲ್ಲಿ, ಅಂದರೆ ಬಲಗಡೆಯ ಡಿಫೆಂಡರ್ ಆಗಿ, ಆಗಲೇ ಇದ್ದವನು ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ ನೋಡಿ. ಟ್ರೆಂಟ್ ಲಿವರ್‌ಪೂಲ್ ಊರಿನ ಹುಡುಗ. ನೆಕೊಗಿಂತ ಮೂರು ವರ್ಷ ಕೂಡ ದೊಡ್ಡವನಲ್ಲ. ಡಿಫೆಂಡರ್ ಆಗಿದ್ದುಕೊಂಡು ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಸೀಸನ್‌ಗೆ 12 ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಡುವ ಪಾಸ್), ಮುಂದಿನ ಸೀಸನ್‌ಗೆ 13 ಅಸಿಸ್ಟ್ ಕೊಟ್ಟವನು. ಮುಂದಿರುವವನಿಗೆ ವಯಸ್ಸಾಗಿದ್ದರೆ ಕಾಯಬಹುದು. ಇವತ್ತಲ್ಲ ನಾಳೆ ಜಾಗ ಸಿಗುತ್ತದೆ. ಮುಂದಿರುವವನು ನಿನ್ನದೇ ವಯಸ್ಸಿನವನಾದರೆ ಎಷ್ಟು ವರ್ಷ ಅಂತ ಕಾಯೋದು?

ಆದರೂ ಕಾದ. ಸಿಕ್ಕಿದಷ್ಟು ಆಡಿದ. 2020ರ ಜೂನ್ 24ರಂದು ಕ್ರಿಸ್ಟಲ್ ಪ್ಯಾಲೆಸ್ ಎದುರು ಟ್ರೆಂಟ್ ಬದಲಿಗೆ ಇಳಿದು ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯ ಆಡಿದ. ಕೋವಿಡ್ ಕಾಲ, ಮೈದಾನ ಖಾಲಿ. ಮಾರನೇ ದಿನವೇ ಲಿವರ್‌ಪೂಲ್ 30 ವರ್ಷದ ನಂತರ ಲೀಗ್ ಚಾಂಪಿಯನ್ ಆಯಿತು. ಆ ಸೀಸನ್‌ನಲ್ಲಿ ಆರು ಲೀಗ್ ಪಂದ್ಯ ಆಡಿದ್ದಕ್ಕೆ ಇವನ ಕೊರಳಿಗೂ ಪದಕ ಬಂತು. 19 ವರ್ಷಕ್ಕೇ ಪ್ರೀಮಿಯರ್ ಲೀಗ್ ಪದಕ!

ಸೆಪ್ಟೆಂಬರ್ 6ಕ್ಕೆ ಕಾರ್ಡಿಫ್‌ನಲ್ಲಿ ಬಲ್ಗೇರಿಯಾ ಎದುರು, ವೇಲ್ಸ್ ಪರವಾಗಿ ಬರೀ ಎರಡನೇ ಪಂದ್ಯದಲ್ಲಿ, 94ನೇ ನಿಮಿಷಕ್ಕೆ ತಲೆ ಕೊಟ್ಟು ಗೆಲುವಿನ ಗೋಲು ಹೊಡೆದ. ಅದೇ ತಿಂಗಳು 24ಕ್ಕೆ ಲೀಗ್ ಕಪ್‌ನಲ್ಲಿ ಲಿಂಕನ್ ಸಿಟಿ ಜೊತೆ ಪಂದ್ಯ. ಲಿವರ್‌ಪೂಲ್ 7-2ರಿಂದ ಗೆದ್ದಿತು. ಏಳು ಗೋಲು ಹೊಡೆದು ಗೆದ್ದ ಪಂದ್ಯ. ಆದರೆ ಆವತ್ತು ನೆಕೊ ಆಟ ಚೆನ್ನಾಗಿರಲಿಲ್ಲ. ಅಷ್ಟಕ್ಕೇ ಸೋಶಿಯಲ್ ಮೀಡಿಯಾದಲ್ಲಿ ಲಿವರ್‌ಪೂಲ್ ಅಭಿಮಾನಿಗಳೇ ಅವನ ಮೇಲೆ ಮುಗಿಬಿದ್ದರು. ಆ ಹುಡುಗ ತನ್ನ ಪ್ರೊಫೈಲ್ ಚಿತ್ರವನ್ನೇ ತೆಗೆದು ಕಪ್ಪು ಮಾಡಿಕೊಂಡ.

ನಾನೂ ಆವತ್ತು ಬರೆದಿದ್ದೆ. 'ಇವನು ಈ ಲೆವೆಲ್‌ಗೆ ಆಗೋನಲ್ಲ' ಅಂತ. ನನ್ನ ಮಾತು ಅವನಿಗೆ ತಲುಪಿರಲಿಕ್ಕಿಲ್ಲ, ಅದು ಕನ್ನಡದಲ್ಲಿತ್ತು, ನಮ್ಮ ಗುಂಪಿನೊಳಗೇ ಇತ್ತು. ಆದರೂ ಆ ಕಪ್ಪು ಚಿತ್ರ ನೋಡಿದಾಗ ನನಗೆ ನಾಚಿಕೆಯಾಯಿತು. ಹನ್ನೊಂದು ತಿಂಗಳ ಹಿಂದೆ ಮಧ್ಯರಾತ್ರಿ ಇದೇ ಹುಡುಗನ ಕ್ರಾಸ್ ನೋಡಿ ಹಾಸಿಗೆ ಮೇಲೆ ಎದ್ದು ನಿಂತವನು ನಾನೇ ಅಲ್ವಾ?

ಡಿಫೆಂಡರ್ ಬಾಳೇ ಹೀಗೆ. ಸ್ಟ್ರೈಕರ್ ನಾಲ್ಕು ಅವಕಾಶ ಕಳೆದು ಐದನೆಯದರಲ್ಲಿ ಗೋಲು ಹೊಡೆದರೆ ಹೀರೋ. ಡಿಫೆಂಡರ್ ಎಂಬತ್ತೊಂಬತ್ತು ನಿಮಿಷ ಸರಿಯಾಗಿ ಆಡಿ ಒಂದು ಸಲ ಎಡವಿದರೆ ಆ ಒಂದೇ ವಿಡಿಯೊ ಊರೆಲ್ಲ ಸುತ್ತುತ್ತದೆ. ನೆಕೊ ಎಡವಲಿಲ್ಲ ಅಂತ ನಾನು ಹೇಳುತ್ತಿಲ್ಲ. 2021ರ ಜೂನ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಯೂರೋ (ಯುರೋಪಿನ ದೇಶಗಳ ಟೂರ್ನಿ) ಪಂದ್ಯ ನೆನಪಿದೆಯಾ? ಡೆನ್ಮಾರ್ಕ್ ಜೊತೆ. ಕಾನರ್ ರಾಬರ್ಟ್ಸ್‌ಗೆ ಪೆಟ್ಟಾಗಿ ಮೊದಲರ್ಧದಲ್ಲೇ ಇವನು ಇಳಿದ. ಎರಡನೇ ಅರ್ಧ ಶುರುವಾಗಿ ಮೂರು ನಿಮಿಷ ಆಗಿತ್ತಷ್ಟೇ. ಗೋಲಿನ ಮುಂದೆ ಬಂದ ಚೆಂಡನ್ನು ಹೊರಗೆ ಒದೆಯಲು ಹೋದ, ಅದು ಸರಿಯಾಗಿ ಸಿಗದೆ ನೇರ ಕ್ಯಾಸ್ಪರ್ ಡೋಲ್‌ಬರ್ಗ್ ಕಾಲಿಗೇ ಹೋಯಿತು. ಗೋಲು, 0-2. ಕೊನೆಗೆ ವೇಲ್ಸ್ 0-4ರಿಂದ ಸೋತಿತು. ಗೋಲಾದ ಮೇಲೂ ಪಂದ್ಯ ನಲವತ್ತು ನಿಮಿಷ ಇತ್ತು. ಅಷ್ಟು ಹೊತ್ತು ಅದೇ ಮೈದಾನದಲ್ಲಿ ಓಡುತ್ತಲೇ ಇರಬೇಕಾಯಿತು ಇಪ್ಪತ್ತು ವರ್ಷದ ಹುಡುಗ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. 2022ರ ಜನವರಿಯಲ್ಲಿ ನೆಕೊ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲದ ಎರವಲಿಗೆ, ಫುಲ್‌ಹ್ಯಾಮ್ ಕ್ಲಬ್‌ಗೆ ಹೋದ. ಕೆಳಗಿನ ಡಿವಿಷನ್, ಚಾಂಪಿಯನ್‌ಶಿಪ್. ವಾರ ವಾರ ಆಡುವುದು ಅಂದರೆ ಏನು ಅಂತ ಕ್ಲಬ್ ಮಟ್ಟದಲ್ಲಿ ಅವನಿಗೆ ಗೊತ್ತಾಗಿದ್ದೇ ಆಗ. ಫುಲ್‌ಹ್ಯಾಮ್ ಚಾಂಪಿಯನ್ ಆಗಿ ಮೇಲೆ ಬಂತು. ಜುಲೈ ಹೊತ್ತಿಗೆ ಅವನ ಮುಂದೆ ಎರಡು ದಾರಿ. ಒಂದು, ಲಿವರ್‌ಪೂಲ್‌ಗೆ ವಾಪಸ್ ಹೋಗಿ ಟ್ರೆಂಟ್ ಹಿಂದೆ ಬೆಂಚಿನಲ್ಲಿ ಕೂರುವುದು. ಒಳ್ಳೆ ಸಂಬಳ, ದೊಡ್ಡ ಹೆಸರು, ಆಗಾಗ ಕಪ್ ಪಂದ್ಯ, ಕೊರಳಿಗೆ ಇನ್ನೊಂದಿಷ್ಟು ಪದಕ. ಇನ್ನೊಂದು, ನಾಟಿಂಗ್‌ಹ್ಯಾಮ್ ಫಾರೆಸ್ಟ್. 23 ವರ್ಷ ಕೆಳಗಿನ ಡಿವಿಷನ್‌ಗಳಲ್ಲಿದ್ದು ಆಗಷ್ಟೇ ಪ್ರೀಮಿಯರ್ ಲೀಗ್‌ಗೆ ಮೇಲೆ ಬಂದ ಕ್ಲಬ್. ಆ ಬೇಸಿಗೆಯಲ್ಲಿ 20ಕ್ಕೂ ಹೆಚ್ಚು ಹೊಸ ಆಟಗಾರರನ್ನು ತಂದು ಗುಡ್ಡೆ ಹಾಕಿತ್ತು. ಡ್ರೆಸ್ಸಿಂಗ್ ರೂಮಿನಲ್ಲಿ ಅರ್ಧ ಜನಕ್ಕೆ ಇನ್ನರ್ಧ ಜನ ಹೊಸಬರು. ಮತ್ತೆ ಕೆಳಗೆ ಬೀಳುತ್ತದೆ ಅಂತಲೇ ಎಲ್ಲರೂ ಹೇಳುತ್ತಿದ್ದರು.

ಅವನು ಫಾರೆಸ್ಟ್‌ಗೆ ಹೋದ. ಸುಮಾರು 1.7 ಕೋಟಿ ಪೌಂಡ್‌ಗೆ. ಆರನೇ ವಯಸ್ಸಿನಿಂದ ಬೆಳೆದ ಮನೆ ಬಿಟ್ಟು, ಇಪ್ಪತ್ತೊಂದಕ್ಕೆ. ಇದನ್ನು 'ನಿಲ್ಲೋಕಾಗಲಿಲ್ಲ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡೋದು ನನಗೆ ಸರಿ ಕಾಣುವುದಿಲ್ಲ. ಆಡದೆ ಗೆಲ್ಲುವುದಕ್ಕಿಂತ ಆಡಿ ಸೋತರೂ ಪರವಾಗಿಲ್ಲ ಅನ್ನುವ ಧೈರ್ಯ ಬೇಕು ಅದಕ್ಕೆ. ಎಷ್ಟೋ ಹುಡುಗರು ದೊಡ್ಡ ಕ್ಲಬ್ಬಿನ ಬೆಂಚಿನಲ್ಲೇ ಇಪ್ಪತ್ತೈದು ದಾಟಿಬಿಡುತ್ತಾರೆ. ಆಮೇಲೆ ಯಾರೂ ಕೇಳುವುದಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಕತಾರ್. 1958ರ ನಂತರ, ಅಂದರೆ 64 ವರ್ಷಕ್ಕೆ ವೇಲ್ಸ್ ವಿಶ್ವಕಪ್ಪಿಗೆ ಬಂದಿತ್ತು. ಮೊದಲ ಪಂದ್ಯ ಅಮೆರಿಕ ಜೊತೆ. ಹಿಂದಿನ ರಾತ್ರಿ ನೆಕೊಗೆ ಅವನ ಅಮ್ಮನಿಂದ ಸುದ್ದಿ ಬಂತು, ಅಜ್ಜ ತೀರಿಕೊಂಡರು ಅಂತ. ಇದನ್ನು ಅವನೇ ಆಮೇಲೆ ಹೇಳಿಕೊಂಡ. ಅವನು ಆಡಿದ. ನನಗೆ ಪಂದ್ಯ ನೋಡುವಾಗ ಇದು ಗೊತ್ತಿರಲಿಲ್ಲ. ಗ್ಯಾರೆತ್ ಬೇಲ್ ಪೆನಾಲ್ಟಿ ಹೊಡೆದು 1-1 ಮಾಡಿದ್ದನ್ನೇ ನೋಡುತ್ತಿದ್ದೆ. ಪಂದ್ಯ ಮುಗಿದ ಮೇಲೆ ಈ ಹುಡುಗ ಕಣ್ಣೀರು ಹಾಕುತ್ತಿದ್ದದ್ದು ಕಾಣಿಸಿತು. ಡ್ರಾ ಆಗಿದ್ದಕ್ಕೆ ಯಾಕಿಷ್ಟು ಅಳು ಅಂದುಕೊಂಡೆ. ಬೆಳಗ್ಗೆ ಸುದ್ದಿ ಓದಿದಾಗ ಗೊತ್ತಾಯಿತು.

ಎಂಟು ದಿನ ಬಿಟ್ಟು ಇಂಗ್ಲೆಂಡ್ ಪಂದ್ಯ. ಮಾರ್ಕಸ್ ರಾಶ್‌ಫರ್ಡ್ ಒದ್ದ ಚೆಂಡಿಗೆ ಅಡ್ಡ ಹೋಗಿ ತಲೆಗೆ ಬಡಿಸಿಕೊಂಡ. ಸ್ವಲ್ಪ ಹೊತ್ತು ಮುಂದುವರಿಸಿದ, ಆಗಲಿಲ್ಲ, ಮೊದಲರ್ಧದಲ್ಲೇ ಹೊರಗೆ ಕರೆದರು. ಅವನ ವಿಶ್ವಕಪ್ ಅಲ್ಲಿಗೆ ಮುಗಿಯಿತು. ವೇಲ್ಸ್ 0-3ರಿಂದ ಸೋತು ಮನೆಗೆ ಹೊರಟಿತು.

2023ರ ಏಪ್ರಿಲ್ 22ರಂದು ಫಾರೆಸ್ಟ್ ಜೆರ್ಸಿಯಲ್ಲಿ ಆನ್‌ಫೀಲ್ಡ್‌ಗೆ ಬಂದು ಲಿವರ್‌ಪೂಲ್ ಎದುರೇ ಗೋಲು ಹೊಡೆದ. ಕುಣಿಯಲಿಲ್ಲ. ಫಾರೆಸ್ಟ್ 2-3ರಿಂದ ಸೋತಿತು, ಆದರೆ ಸೀಸನ್ ಕೊನೆಗೆ 16ನೇ ಸ್ಥಾನ ಪಡೆದು ಕೆಳಗೆ ಬೀಳದೆ ಪ್ರೀಮಿಯರ್ ಲೀಗ್‌ನಲ್ಲೇ ಉಳಿದುಕೊಂಡಿತು. ನೆಕೊ ಮಾತ್ರ ದವಡೆ ಮುರಿದುಕೊಂಡು ಕೊನೆಯ ಪಂದ್ಯಗಳಿಗೆ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಆಮೇಲಿನ ಕಥೆ. ಫಾರೆಸ್ಟ್‌ಗೆ ಓಲಾ ಐನಾ ಬಂದ. ಬಲಗಡೆ ಜಾಗ ಅವನ ಪಾಲಾಯಿತು. ಮತ್ತೆ ಅದೇ ಪರಿಸ್ಥಿತಿ, ಮುಂದೆ ಇನ್ನೊಬ್ಬ. ಈ ಸಲ ನೆಕೊ ಕ್ಲಬ್ ಬಿಡಲಿಲ್ಲ. ಮೈದಾನದ ಆ ಕಡೆಗೆ ಹೋದ. ಬಲಗಾಲಿನ ಆಟಗಾರ ಎಡಗಡೆಯ ಡಿಫೆಂಡರ್ ಆದ.

ಇದು ಸುಲಭ ಅಲ್ಲ. ಎಡ ಅಂಚಿನಲ್ಲಿ ಚೆಂಡು ಸಿಕ್ಕರೆ ಅವನ ಒಳ್ಳೆ ಕಾಲು ಒಳಗಡೆಗೆ ಇರುತ್ತದೆ. ಎದುರಾಳಿಗೂ ಅದು ಗೊತ್ತು, ಒಳದಾರಿ ಮುಚ್ಚಿಕೊಂಡೇ ಮೇಲೆ ಬರುತ್ತಾನೆ. ಆದರೆ ಇದರಲ್ಲೊಂದು ಲಾಭವೂ ಇದೆ. ಬುಕಾಯೊ ಸಾಕಾ, ಮೊಹಮ್ಮದ್ ಸಲಾಹ್ ಥರದವರು ಬಲಗಡೆ ಆಡುವ ಎಡಗಾಲಿನವರು. ಅಂಚಿನಿಂದ ಒಳಗೆ ನುಗ್ಗಿ ಒದೆಯುವುದೇ ಅವರ ಆಟ. ಅವರು ಒಳಗೆ ತಿರುಗುವ ಹೊತ್ತಿಗೆ ಸರಿಯಾಗಿ ನೆಕೊನ ಬಲಗಾಲು ಅಲ್ಲೇ ಕಾದಿರುತ್ತದೆ. ಚೆಂಡು ಕಿತ್ತುಕೊಂಡ ಮೇಲೆ ಅದೇ ಕಾಲಿನಿಂದ ಮಧ್ಯಕ್ಕೆ ಪಾಸ್ ಕೊಡಬಹುದು.

2024-25ರಲ್ಲಿ ಫಾರೆಸ್ಟ್ ಏಳನೇ ಸ್ಥಾನಕ್ಕೆ ಬಂತು. 1995-96ರ ನಂತರ ಮೊದಲ ಸಲ ಯುರೋಪ್ ಟೂರ್ನಿಗೆ ಹೋಯಿತು. ಆ ಸೀಸನ್ ಬಹುಪಾಲು ಎಡಗಡೆ ನಿಂತವನು ಈ ಬಲಗಾಲಿನ ಹುಡುಗ. ಆವತ್ತು ಬೀಳುತ್ತದೆ ಅಂದಿದ್ದ ಕ್ಲಬ್ ಇದೇ.

ವೇಲ್ಸ್‌ಗೂ ಅಷ್ಟೇ. 2024ರ ಮಾರ್ಚ್‌ನಲ್ಲಿ ಯೂರೋ ಪ್ಲೇಆಫ್, ಅಂದರೆ ಯೂರೋಗೆ ಜಾಗ ಗಿಟ್ಟಿಸುವ ಕೊನೆಯ ಪಂದ್ಯಗಳು. ಫಿನ್ಲೆಂಡ್ ಎದುರು ಫ್ರೀ ಕಿಕ್‌ನಲ್ಲಿ ಗೋಲು ಹೊಡೆದ, ವೇಲ್ಸ್ 4-1ರಿಂದ ಗೆದ್ದಿತು. ಐದು ದಿನ ಬಿಟ್ಟು ಪೋಲೆಂಡ್ ಜೊತೆ 0-0, ಪೆನಾಲ್ಟಿ. ನಾಲ್ಕನೆಯವನಾಗಿ ನಡೆದುಕೊಂಡು ಬಂದ. ಮೂರು ವರ್ಷದ ಹಿಂದೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಡವಿದ್ದವನು. ಹೊಡೆದ, ಒಳಗೆ ಹೋಯಿತು. ಕೊನೆಯ ಒದೆತ ಡ್ಯಾನ್ ಜೇಮ್ಸ್‌ದು, ಅದು ತಡೆಯಲ್ಪಟ್ಟು ವೇಲ್ಸ್ ಸೋತಿತು. ಆ ರಾತ್ರಿ ಜೇಮ್ಸ್‌ನನ್ನು ಬೈದು ಒಂದು ಸಾಲೂ ನಾನು ಬರೆಯಲಿಲ್ಲ.

ಗೆಳೆಯಾ, ನೀನೂ ಇದನ್ನು ಓದುತ್ತಿರುತ್ತೀಯ ಅಂತ ಗೊತ್ತು. ಸಿಟ್ಟು ಮಾಡಿಕೊಂಡು ಬರೆದದ್ದಲ್ಲ. ಮುಂದಿನ ಸಲ ನೆಕೊ ಎಡಗಡೆ ಆಡುವ ಪಂದ್ಯ ಹಾಕಿದಾಗ ಹತ್ತು ನಿಮಿಷ ಚೆಂಡು ಬಿಟ್ಟುಬಿಡು, ಇವನನ್ನು ಮಾತ್ರ ನೋಡು. ಚೆಂಡು ಆ ಬದಿಯಲ್ಲಿ ಇದ್ದಾಗ ಎಷ್ಟು ಹೆಜ್ಜೆ ಒಳಗೆ ಸರಿಯುತ್ತಾನೆ, ವಿಂಗರ್ ಎದುರು ಬಂದಾಗ ಯಾವ ಕಾಲು ಮುಂದಿಡುತ್ತಾನೆ, ಮೇಲೆ ಓಡಿ ಹೋದವನು ವಾಪಸ್ ಬರುವಾಗ ಎಷ್ಟು ಸಲ ಹಿಂದೆ ತಿರುಗಿ ನೋಡುತ್ತಾನೆ. ನೋಡಿ ಗುಂಪಿಗೆ ಬಂದು ಹೇಳು. ನಾನು ಎದ್ದಿರುತ್ತೇನೆ.