ಮಾತಾಡುವ ಲ್ಯಾಪ್‌ಟಾಪ್‌ಗೆ ಬಾಯಿಬಿಡದ ಪ್ರಕಟಣೆ

ಕೊಪ್ಪಳದ ಕಡೆ ಒಂದು ಸರ್ಕಾರಿ ಕಚೇರಿ ಇದೆ. ಹೆಸರು ಬೇಡ, ಸುಮ್ನೆ ಯಾಕೆ? ಅದರ ವೆಬ್‌ಸೈಟ್ ಅಂಗವಿಕಲಸ್ನೇಹಿ. ಹಾಗಂತ ವೆಬ್‌ಸೈಟೇ ಬರೆದುಕೊಂಡಿದೆ. ಸಾಕ್ಷಿಗೆ ಬಲಗಡೆ ಮೂಲೆಯಲ್ಲಿ ಮೂರು 'ಎ' ಕೂತಿವೆ, ದೊಡ್ಡದು, ನಡುವಿನದು, ಸಣ್ಣದು. ದೊಡ್ಡ 'ಎ' ಒತ್ತಿದರೆ ಕಚೇರಿಯ ಹೆಸರು ದೊಡ್ಡದಾಗುತ್ತದೆ. ಫೋಟೊಗಳ ಕೆಳಗಿನ ಗಣ್ಯರ ಹೆಸರೂ ದೊಡ್ಡದಾಗುತ್ತದೆ. ಪ್ರಕಟಣೆ ಮಾತ್ರ ಇದ್ದಷ್ಟೇ ಇರುತ್ತದೆ. ಅದು ಅಕ್ಷರ ಆಗಿದ್ದರೆ ತಾನೇ ದೊಡ್ಡದಾಗೋದು? ಅದೂ ಒಂದು ಫೋಟೊ.

ಮೊನ್ನೆ ಅಲ್ಲಿ ಹಾಕಿದ ಪ್ರಕಟಣೆ ಯಾವುದು ಗೊತ್ತಾ? ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆಗೆ ಅರ್ಜಿ ಕರೆದದ್ದು. ಪರದೆ ಮೇಲಿನ ಅಕ್ಷರವನ್ನು ಸ್ಕ್ರೀನ್ ರೀಡರ್ ಅನ್ನುವ ತಂತ್ರಾಂಶ ಗಟ್ಟಿಯಾಗಿ ಓದಿ ಹೇಳುತ್ತದೆ. ಎನ್‌ವಿಡಿಎ ಅಂತ ಒಂದು ಪುಕ್ಕಟೆಯೇ ಸಿಗುತ್ತದೆ. ನನ್ನ ಗೆಳೆಯನೊಬ್ಬ ಅದರಲ್ಲಿ ಈ ಪ್ರಕಟಣೆ ತೆರೆದ. 'ಖಾಲಿ' ಅಂತು. ಇನ್ನೊಮ್ಮೆ ತೆರೆದ. ಮತ್ತೂ 'ಖಾಲಿ'. ಅರ್ಜಿ ಹಾಕಿ, ಲ್ಯಾಪ್‌ಟಾಪ್ ಸಿಕ್ಕಿ, ಅದರಲ್ಲೇ ಇದನ್ನು ತೆರೆದರೂ ಅದು ಹೇಳೋದು 'ಖಾಲಿ' ಅಂತಲೇ.

ಈ ಖಾಲಿತನದ ಹಿಂದೆ ಎಷ್ಟು ಶ್ರಮ ಇದೆ ಅನ್ನೋದನ್ನು ಯಾರೂ ಗಮನಿಸುವುದಿಲ್ಲ. ಮೊದಲು ಆಪರೇಟರ್ ಪ್ರಕಟಣೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಆಗ ಅದು ಅಕ್ಷರವೇ. ಆಮೇಲೆ ಪ್ರಿಂಟ್. ಸಾಹೇಬರ ಸಹಿ. ಸಹಿಯ ಮೇಲೆ ದುಂಡು ಸೀಲು. ದಿನಾಂಕವನ್ನು ಸೀಲು ನುಂಗಿದರೆ ಪಕ್ಕದಲ್ಲಿ ಪೆನ್ನಲ್ಲಿ ಬರೆಯುವುದು. ಸ್ಕ್ಯಾನರ್ ಕೆಟ್ಟಿರುತ್ತದೆ, ಅದಕ್ಕೆ ಮೇಜಿನ ಮೇಲಿಟ್ಟು ಮೊಬೈಲಲ್ಲಿ ಫೋಟೊ. ಕಾಗದದ ಜೊತೆಗೆ ಅರ್ಧ ಹೆಬ್ಬೆರಳೂ ಬರುತ್ತದೆ. ಅದು ವಾಟ್ಸ್ಆ್ಯಪ್‌ನಲ್ಲಿ ಹೋಗಿ, ಸಣ್ಣದಾಗಿ, ಪಿಡಿಎಫ್ ವೇಷ ಹಾಕಿ ವೆಬ್‌ಸೈಟ್ ಏರುತ್ತದೆ. ಪಕ್ಕದಲ್ಲಿ 'ಹೊಸದು' ಅಂತ ಮಿಣುಕುವ ಕೆಂಪು ಗುರುತು. ಲಿಂಕಿನ ಹೆಸರು 'ಇಲ್ಲಿ ಕ್ಲಿಕ್ ಮಾಡಿ'. ಮೇಲಿನ ಲಿಂಕೂ ಅದೇ, ಕೆಳಗಿನದೂ ಅದೇ. ಸ್ಕ್ರೀನ್ ರೀಡರ್ ಬಳಸುವವರು ಲಿಂಕುಗಳ ಪಟ್ಟಿ ತೆಗೆದರೆ ಇಡೀ ಕಚೇರಿ 'ಇಲ್ಲಿ ಕ್ಲಿಕ್ ಮಾಡಿ' ಅಂತ ಜಪ ಮಾಡುತ್ತದೆ.

ಅಪರೂಪಕ್ಕೆ ಫೋಟೊ ಅಲ್ಲದ ಪಿಡಿಎಫ್ ಕೂಡ ಬರುತ್ತದೆ. ಅದರ ಮಜಾ ಬೇರೆ. ಹಳೇ ನುಡಿ ಫಾಂಟ್‌ನಲ್ಲಿ 'ಕರ್ನಾಟಕ' ಅಂತ ಟೈಪ್ ಮಾಡಿದರೆ ಕಾಣೋದು ಕನ್ನಡ. ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಗೆಳೆಯ ಒಂದೊಂದೇ ಅಕ್ಷರ ಓದಿಸಿದ. ಪಿ, ಎ, ಪೌಂಡ್, ಎ, ಮತ್ತೆಂಥದೋ ಒಂದು, ಎಲ್, ಪಿ, ಎ. ರಾಜ್ಯದ ಹೆಸರಿನ ನಡುವೆ ಬ್ರಿಟಿಷರ ಪೌಂಡ್! ಸ್ವಾತಂತ್ರ್ಯ ಬಂದಿದ್ದನ್ನು ಫಾಂಟಿಗೆ ಯಾರೂ ತಿಳಿಸಿದಂತಿಲ್ಲ. ಕನ್ನಡ ಅಕ್ಷರ ಒಳಗೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ನೇರ ಪಿಡಿಎಫ್ ಮಾಡಿದ್ದರೆ ಮುಗೀತಿತ್ತು. ಖರ್ಚೂ ಇಲ್ಲ. ಖರ್ಚಿಲ್ಲದ್ದಕ್ಕೆ ಟೆಂಡರ್ ಕರೆಯೋಕಾಗಲ್ಲ, ಅದೇ ತೊಂದರೆ ಇರಬೇಕು.

ಕಾನೂನು ಇಲ್ಲ ಅಂತಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂತು. ವೆಬ್‌ಸೈಟಿಗೆ ಹಾಕುವ ದಾಖಲೆ ಇಪಬ್ ಅನ್ನುವ ಇ-ಪುಸ್ತಕದ ರೂಪದಲ್ಲಿರಲಿ, ಇಲ್ಲವೇ ಅಕ್ಷರ ಗುರುತಿಸಲು ಬರುವ ಪಿಡಿಎಫ್ ಆಗಿರಲಿ ಅಂತ 2017ರ ನಿಯಮ ಹೇಳಿತು. ಈ ನಿಯಮಗಳು ಬುದ್ಧಿಮಾತಿನ ಥರ ಇವೆ, ಮೂರು ತಿಂಗಳೊಳಗೆ ಕಡ್ಡಾಯದ ನಿಯಮ ಮಾಡಿ ಅಂತ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್‌ನಲ್ಲಿ ಇನ್ನೊಂದು ತೀರ್ಪು ಬಂತು. ಆಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರಿಗೂ 'ಕಣ್ಣು ಮಿಟುಕಿಸಿ' ಅನ್ನುವ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ತಪಾಸಣೆ, ಅದರ ಬಗ್ಗೆ ಅದು. ಡಿಜಿಟಲ್ ಸೇವೆ ಎಟುಕುವುದೂ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದರು ನ್ಯಾಯಮೂರ್ತಿಗಳು. ಆ ತೀರ್ಪಿನ ಪ್ರತಿ ನಮ್ಮ ಕಚೇರಿಯ ಕಡತದಲ್ಲೂ ಇದೆಯಂತೆ. ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ.

ಇದೇ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಬಂಡೆಗಳ ಮೇಲೆ ಅಶೋಕ ಶಾಸನ ಬರೆಸಿದ್ದಾನೆ. ಅತ್ತ ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನದಲ್ಲಿ, ಭೇರಿ ಬಾರಿಸಿ ಹಳ್ಳಿಯ ಜನಕ್ಕೆ ತಿಳಿಸಿ ಅಂತ ಅಧಿಕಾರಿಗಳಿಗೆ ಅಪ್ಪಣೆಯೂ ಇದೆ. ಬಂಡೆ ಓದಲು ಬಾರದವರ ಚಿಂತೆ ರಾಜನಿಗೆ ಎರಡು ಸಾವಿರ ವರ್ಷದ ಹಿಂದೆಯೇ ಇತ್ತು. ಈಗ ಆ ಭೇರಿಯ ಕೆಲಸ ಪಂಚಾಯಿತಿಯ ವಿಆರ್‌ಡಬ್ಲ್ಯೂಗಳ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪಾಲು. ಸ್ವತಃ ಅಂಗವಿಕಲರು, ಗೌರವಧನದ ಮೇಲೆ ದುಡಿಯುವವರು. ಫೋಟೊ ಹಿಗ್ಗಿಸಿ, ಹೆಬ್ಬೆರಳಿನ ಹಿಂದಿನ ಸಾಲು ಊಹಿಸಿ, ಫೋನಿನಲ್ಲಿ ಓದಿ ಹೇಳುತ್ತಾರೆ.

ಗೆಳೆಯನ ಪರವಾಗಿ ಕೇಸ್‌ವರ್ಕರ್ ಹತ್ತಿರ ಹೋಗಿ ಕೇಳಿದೆ.

"ಸರ, ಇದನ್ನ ಟೈಪ್ ಮಾಡಿದ್ದೇ ಹಾಕಬಹುದಲ್ರೀ?"

"ಸಹಿ ಸೀಲು ಇಲ್ದಿದ್ರ ಯಾರು ನಂಬ್ತಾರ್ರಿ?"

"ಎರಡೂ ಹಾಕ್ರಿ."

"ಎರಡೂ ಹಾಕ್ರಿ ಅಂತ ಮ್ಯಾಲಿಂದ ಆದೇಶ ಬರಬೇಕ್ರಿ."

ಒಳ್ಳೆ ಮನುಷ್ಯ, ಚಹಾ ಕುಡಿಸಿದರು. ಆನ್‌ಲೈನ್‌ನಲ್ಲಿ ದೂರು ಕೊಡಿ ಅಂದರು. ಗೆಳೆಯ ಆ ಪುಟಕ್ಕೆ ಹೋದ. ಸೊಟ್ಟ ಅಕ್ಷರದ ಕ್ಯಾಪ್ಚಾ ಎದುರಾಯಿತು. ಅದನ್ನು ನಾನು ಓದಿ ಹೇಳಿದೆ. ವಾರದಲ್ಲಿ ಉತ್ತರ ಬಂತು: "ಪ್ರಕಟಣೆ ನಿಮಗೆ ಹೇಗೆ ಕಾಣಿಸುತ್ತಿದೆ ಎಂಬುದರ ಸ್ಕ್ರೀನ್‌ಶಾಟ್ ಲಗತ್ತಿಸಿ."