ಟವೆಲ್ ಉಳಿಸಿದ್ದು ನಾನು, ದುಡ್ಡು ಉಳಿದಿದ್ದು ಹೋಟೆಲಿಗೆ

ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ಹೋಟೆಲುಗಳ ಬಾತ್‌ರೂಮಿನಲ್ಲಿ ಒಂದು ಚೀಟಿ ಇರುತ್ತದೆ. ಭೂಮಿ ಉಳಿಸೋಣ, ಇನ್ನೊಂದು ದಿನ ಬಳಸುವುದಾದರೆ ಟವೆಲ್ ನೇತುಹಾಕಿ, ಒಗೆಯಬೇಕಾದರೆ ನೆಲದ ಮೇಲೆ ಬಿಡಿ ಅಂತ. ನಾನು ನೇತುಹಾಕುವವನೇ. ಆದರೆ ಉಳಿದ ನೀರು, ಸೋಪು, ಕರೆಂಟಿನ ದುಡ್ಡೆಲ್ಲ ಮಾಲೀಕನ ಜೇಬಿಗೆ, ನನ್ನ ಬಿಲ್ಲಿನಲ್ಲಿ ಒಂದು ಡಾಲರೂ ಇಳಿಯುವುದಿಲ್ಲ. ಲಾಭ ಮಾಡಿಕೊಳ್ಳಲಿ, ಬೇಡ ಅನ್ನಲ್ಲ. ಅದಕ್ಕೆ ಭೂಮಿತಾಯಿಯ ಹೆಸರು ಯಾಕೆ?

ಹಾಸನ, ಶಿವಮೊಗ್ಗದ ಕಡೆಯ ಹಳೇ ಲಾಡ್ಜುಗಳನ್ನು ನೋಡಿ. ತಾರಸಿ ಮೇಲೆ ಸೋಲಾರ್, ಬಚ್ಚಲಲ್ಲಿ ಬಕೆಟ್ಟು, ಮಗ್ಗು, ಕೌಂಟರ್ ಹಿಂದೆ 'ಬಿಸಿನೀರು ಬೆಳಿಗ್ಗೆ 6ರಿಂದ 9' ಅಂತ ಬೋರ್ಡು. ತಡವಾಗಿ ಎದ್ದವರಿಗೆ ತಣ್ಣೀರೇ ಗತಿ. ಇದನ್ನು ಯಾರೂ ಪರಿಸರ ಪ್ರೇಮ ಅನ್ನಲ್ಲ. ಕರೆಂಟ್ ಬಿಲ್ ಕಮ್ಮಿ, ಬಾಡಿಗೆಯೂ ಕಮ್ಮಿ. ಗಿರಾಕಿಗೂ ಲೆಕ್ಕ ಸಿಗುತ್ತದೆ, ಅಲ್ವಾ?

ಇಲ್ಲಿ ಅಮೆರಿಕದಲ್ಲಿ ಸ್ಟಾರ್‌ವುಡ್ ಅನ್ನುವ ಹೋಟೆಲ್ ಕಂಪನಿ ಗಿರಾಕಿಗೂ ಪಾಲು ಕೊಟ್ಟಿತ್ತು. ಇವತ್ತು ರೂಮು ಕ್ಲೀನ್ ಮಾಡುವುದು ಬೇಡ ಅಂದವರಿಗೆ 5 ಡಾಲರ್ ಕೂಪನ್ ಅಥವಾ ಪಾಯಿಂಟು. ಪೆಟ್ಟು ಬಿದ್ದಿದ್ದು ರೂಮು ಗುಡಿಸುವ ಹೆಂಗಸರಿಗೆ. ಒಂದು ಕಡೆ ಕೆಲಸದ ಗಂಟೆಗಳೇ ಕಮ್ಮಿ. ಇನ್ನೊಂದು ಕಡೆ, ಕೆಲವು ದಿನ ಗುಡಿಸದೇ ಬಿಟ್ಟ ರೂಮಿನಲ್ಲಿ ಮೋರಿಗೆ ಸಿಕ್ಕಿದ ಕೂದಲು, ಗಾಜಿನ ಮೇಲೆ ಗಟ್ಟಿಯಾದ ಸೋಪಿನ ಜಿಡ್ಡು, ತುಂಬಿ ಚೆಲ್ಲಿದ ಕಸದ ಬುಟ್ಟಿ, ಎಲ್ಲವನ್ನೂ ಒಂದೇ ಸಲ ತಿಕ್ಕಬೇಕು. ಸ್ಟಾರ್‌ವುಡ್ಡನ್ನು ಆಮೇಲೆ ಮ್ಯಾರಿಯಟ್ ಅನ್ನುವ ಇನ್ನೊಂದು ಹೋಟೆಲ್ ಕಂಪನಿ ಕೊಂಡುಕೊಂಡಿತು. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಹೊನೊಲುಲು ಮುಂತಾದ ಕಡೆ ಮ್ಯಾರಿಯಟ್ ನೌಕರರು ಮುಷ್ಕರ ಹೂಡಿದಾಗ ಈ ದೂರೂ ಇತ್ತು. ಹಸಿರು ಅಂದರೆ ನಮ್ಮ ಸಂಬಳಕ್ಕೆ ಕತ್ತರಿ ಅಂತ ಅವರಿಗನಿಸಿದ್ದರಲ್ಲಿ ತಪ್ಪೇನಿದೆ?

ನನಗೆ ಸರಿ ಕಂಡಿದ್ದು ಕ್ಯಾಲಿಫೋರ್ನಿಯಾದ ಶಾಂಪೂ ಕಾನೂನು. 50ಕ್ಕಿಂತ ಹೆಚ್ಚು ರೂಮಿರುವ ಹೋಟೆಲುಗಳು ಪುಟಾಣಿ ಪ್ಲಾಸ್ಟಿಕ್ ಬಾಟಲಿ ಇಡುವಂತಿಲ್ಲ ಅಂತ 2023ರಲ್ಲಿ ಜಾರಿಗೆ ಬಂತು, ಮಾರನೇ ವರ್ಷ ಚಿಕ್ಕ ಹೋಟೆಲುಗಳಿಗೂ. ಈಗ ಗೋಡೆಗೆ ದೊಡ್ಡ ಬಾಟಲಿ ಸಿಕ್ಕಿಸಿರುತ್ತಾರೆ, ಖಾಲಿಯಾದರೆ ತುಂಬಿಸುತ್ತಾರೆ. ಗಿರಾಕಿಯ ಒಳ್ಳೆತನ ನಂಬಿಕೊಂಡು ಕೂರಬೇಕಿಲ್ಲ. ಪಕ್ಕದ ಹೋಟೆಲಿನವನು ಬಣ್ಣದ ಬಾಟಲಿ ಕೊಟ್ಟು ಗಿರಾಕಿ ಎಳೆದುಕೊಂಡಾನು ಅನ್ನುವ ಭಯವೂ ಇಲ್ಲ, ಅವನಿಗೂ ಅದೇ ಕಾನೂನು.

ಊರಲ್ಲಿ ಹೊಸ ಹೋಟೆಲ್ ಕಟ್ಟುವವರು ಇಲ್ಲಿಂದ ನಕಲು ಮಾಡುವುದಾದರೆ ಆ ಗೋಡೆ ಬಾಟಲಿ ಮಾಡಲಿ. ಸೋಲಾರ್ ಕಿತ್ತು ರೂಮಿಗೊಂದು ಗೀಸರ್ ಹಾಕುವುದು ಮಾತ್ರ ಬೇಡ. 24 ಗಂಟೆ ಬಿಸಿನೀರು ಬೇಕೇ ಬೇಕು ಅನ್ನುವವರಿಗೆ ನೂರು ರೂಪಾಯಿ ಜಾಸ್ತಿ ಹಾಕಿ, ಕೊಡ್ತಾರೆ.