ಅರಿಜೋನಾ ಪೊಲೀಸ್ರು ರೋಡಲ್ಲಿ ಯಾರನ್ನ ಬೇಕಾದ್ರೂ ಹಿಡೀಬಹುದಾ? ಸತ್ಯಾಂಶ

"ಅರಿಜೋನಾದಲ್ಲಿ ಇಮಿಗ್ರೇಶನ್ ಪೇಪರ್ ಇಲ್ದೆ ಓಡಾಡಿದ್ರೆ ಲೋಕಲ್ ಪೊಲೀಸ್ರೇ ಅರೆಸ್ಟ್ ಮಾಡ್ತಾರೆ, ಅಮೆರಿಕದ ಸುಪ್ರೀಂ ಕೋರ್ಟೇ ಓಕೆ ಅಂದಿದೆ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಮಕ್ಕಳು ಫೀನಿಕ್ಸ್ ಕಡೆ ಇರೋ ಅಪ್ಪ ಅಮ್ಮಂದ್ರು ಇದನ್ನ ಓದಿ ಗಾಬರಿ ಆಗೋದು ಸಹಜ. ಆದ್ರೆ ಕೋರ್ಟ್ ಹೇಳಿದ್ದು ಹೆಚ್ಚುಕಮ್ಮಿ ಉಲ್ಟಾ.

ಅರಿಜೋನಾ ರಾಜ್ಯದ 2010ರ ಎಸ್‌ಬಿ 1070 ಕಾನೂನಲ್ಲಿ ಹಂಗಿತ್ತು, ನಿಜ. ಅದ್ರ ವಿರುದ್ಧ ಫೆಡರಲ್ ಸರ್ಕಾರ ಒಂದು ಕೇಸು, ಎಸಿಎಲ್‌ಯು ಮಾಲ್ಡೆಫ್ ಥರದ ನಾಗರಿಕ ಹಕ್ಕುಗಳ ಸಂಸ್ಥೆಗಳ ವಕೀಲ್ರು ಇನ್ನೊಂದು ಕೇಸು ಹಾಕಿದ್ರು, 2012ರ ಜೂನಲ್ಲಿ ಸುಪ್ರೀಂ ಕೋರ್ಟು ತನ್ನ ಮುಂದಿದ್ದ ನಾಲ್ಕು ಸೆಕ್ಷನಲ್ಲಿ ಮೂರನ್ನ ಹೊಡೆದುಹಾಕ್ತು, ಪೇಪರ್ ಇಲ್ದಿರೋದು ರಾಜ್ಯದ ಅಪರಾಧ ಅನ್ನೋದೂ ಅದ್ರಲ್ಲೇ ಹೋಯ್ತು. ಉಳ್ಕೊಂಡಿದ್ದು ಒಂದು: ಸ್ಪೀಡಿಂಗೋ ಇನ್ನೇನೋ ಬೇರೆ ಕಾರಣಕ್ಕೆ ನಿಲ್ಸಿದಾಗ, ಅನುಮಾನಕ್ಕೆ ಸರಿಯಾದ ಆಧಾರ ಇದ್ರೆ ಇಮಿಗ್ರೇಶನ್ ಸ್ಟೇಟಸ್ (ದೇಶದಲ್ಲಿ ಕಾನೂನುಬದ್ಧವಾಗಿ ಇದಾರಾ ಅಂತ) ವಿಚಾರಿಸೋದು. ಅಲ್ಲೂ ಅರಿಜೋನಾ ಲೈಸೆನ್ಸ್ ತೋರ್ಸಿದ್ರೆ ಕಾನೂನುಬದ್ಧವಾಗೇ ಇದಾರೆ ಅಂತ ಎಣಿಸ್ಬೇಕು. ವಕೀಲ್ರು ಅಷ್ಟಕ್ಕೇ ಬಿಡ್ಲಿಲ್ಲ, 2016ರಲ್ಲಿ ರಾಜಿ ಆದಾಗ ಬರೀ ಈ ಸ್ಟೇಟಸ್ ವಿಚಾರಣೆಗೋಸ್ಕರ ಜನ್ರನ್ನ ಕಾಯಿಸ್ಬಾರ್ದು ಅಂತ ರಾಜ್ಯದ ಅಟಾರ್ನಿ ಜನರಲ್ಲೇ ಬರ್ಕೊಟ್ರು, ನನ್ ಪ್ರಕಾರ ಇದೇ ದೊಡ್ಡ ಗೆಲುವು.

ಹಂಗಂತ ಪೇಪರ್ ಮನೇಲಿಟ್ಟು ಹೋಗ್ಬೇಡಿ. 18 ತುಂಬಿದ ವಿದೇಶಿಯರು ಗ್ರೀನ್ ಕಾರ್ಡೋ ಐ-94 (ಅಮೆರಿಕಕ್ಕೆ ಬಂದಿದ್ದರ ದಾಖಲೆ) ಪ್ರಿಂಟೋ ಜೊತೇಲಿ ಇಟ್ಕೊಂಡಿರ್ಬೇಕು ಅನ್ನೋದು ಫೆಡರಲ್ ಕಾನೂನು, ಅದು ಬೇರೆ, ಈಗ್ಲೂ ಇದೆ.